ಚೀಟಿ ಬರೆದ ಮೇಲೆ ಉಳಿಯುವ ಕೆಲಸ: ಹೃದ್ರೋಗ ಚಿಕಿತ್ಸೆಯಲ್ಲಿ ತಜ್ಞ ಫಾರ್ಮಸಿಸ್ಟ್

ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಯಾದ ಹೃದಯ ವೈಫಲ್ಯಕ್ಕೆ ಬಿಸೊಪ್ರೊಲಾಲ್ ಎಂಬ ಮಾತ್ರೆ ಕೊಡುವಾಗ ದಿನಕ್ಕೆ 1.25 ಮಿ.ಗ್ರಾಂ.ನಿಂದ ಶುರು ಮಾಡುತ್ತಾರೆ. ತಲುಪಬೇಕಾದದ್ದು 10 ಮಿ.ಗ್ರಾಂ. ನಡುವೆ 2.5, 3.75, 5, 7.5 ಎಂಬ ಮೆಟ್ಟಿಲುಗಳಿವೆ. ಸಾಮಾನ್ಯವಾಗಿ ಪ್ರತಿ ಮೆಟ್ಟಿಲಿಗೂ ಎರಡು ವಾರ ಬಿಟ್ಟು, ನಾಡಿ, ಬಿಪಿ, ತೂಕ, ಕಾಲಿನ ಊತ ನೋಡಿಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಜೀವ ಉಳಿಸುತ್ತದೆಂದು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಗುರಿಯಾಗಿ ಇಟ್ಟುಕೊಂಡದ್ದು ಕೊನೆಯ ಮೆಟ್ಟಿಲನ್ನು. ಆದರೆ ಎಷ್ಟೋ ರೋಗಿಗಳು ಮೊದಲನೆಯ ಅಥವಾ ಎರಡನೆಯ ಮೆಟ್ಟಿಲಿನಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಔಷಧ ಸರಿಯಾದದ್ದೇ, ಬರೆದ ವೈದ್ಯರೂ ಬಲ್ಲವರೇ. ಮುಂದಕ್ಕೆ ಹತ್ತಿಸುವ ಕೆಲಸ ಯಾರ ಪಾಲಿಗೂ ಬಂದಿರುವುದಿಲ್ಲ.

ಇದು ಅಪರೂಪದ ಸಂಗತಿ ಎಂದುಕೊಳ್ಳುವಂತಿಲ್ಲ. ಅಮೆರಿಕದ ಚಾಂಪ್-ಎಚ್‌ಎಫ್ ಎಂಬ ರೋಗಿಗಳ ದಾಖಲಾತಿಯ ವಿವರ 2018ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯದ ಮೂರು ಮುಖ್ಯ ವರ್ಗದ ಔಷಧಗಳಿಗೂ ಅರ್ಹರಾಗಿದ್ದವರಲ್ಲಿ, ಮೂರನ್ನೂ ಗುರಿ ಪ್ರಮಾಣದಲ್ಲಿ ಒಟ್ಟಿಗೆ ಪಡೆಯುತ್ತಿದ್ದವರು ಶೇ. 1ರಷ್ಟು ಮಾತ್ರ. ಹೊಸ ಔಷಧ ಕಂಡುಹಿಡಿಯಲು ಹಣ ಸುರಿಯುವ ಜಗತ್ತು, ಇರುವ ಔಷಧವನ್ನು ಸರಿಯಾದ ಪ್ರಮಾಣಕ್ಕೆ ಮುಟ್ಟಿಸುವುದರಲ್ಲಿ ಹೀಗೆ ಸೋಲುತ್ತಿರುವುದು ನಿಜಕ್ಕೂ ನೋವಿನ ವಿಷಯ. ತಜ್ಞ ಫಾರ್ಮಸಿಸ್ಟ್ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ತಜ್ಞ ಫಾರ್ಮಸಿಸ್ಟ್ ಎಂದರೆ ಕೌಂಟರಿನಲ್ಲಿ ಮಾತ್ರೆ ಎಣಿಸಿ ಕೊಡುವವರು ಎಂದಷ್ಟೇ ತಿಳಿಯಬಾರದು. ಔಷಧಶಾಸ್ತ್ರದ ಪದವಿಯ ಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ, ಹೃದ್ರೋಗ ಕ್ಲಿನಿಕ್‌ನಲ್ಲಿ ತರಬೇತಿ ಪಡೆದು, ಎಕೋ ವರದಿ, ಇಸಿಜಿ, ಕಿಡ್ನಿಯ ರಕ್ತಪರೀಕ್ಷೆ ಓದಬಲ್ಲವರು ಇವರು. ಬ್ರಿಟನ್ನಿನಲ್ಲಿ ಹೆಚ್ಚಿನ ತರಬೇತಿ ಪಡೆದ ಫಾರ್ಮಸಿಸ್ಟ್‌ಗಳು 2006ರಿಂದ ಸ್ವತಂತ್ರವಾಗಿ ಔಷಧ ಬರೆಯಬಹುದು. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2007ರಿಂದ ಆ ಅಧಿಕಾರವಿದೆ. ಅಮೆರಿಕದಲ್ಲಿ ವೈದ್ಯರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಅದರ ಮಿತಿಯೊಳಗೆ ಪ್ರಮಾಣ ಏರಿಸುತ್ತಾರೆ, ಇಳಿಸುತ್ತಾರೆ, ರಕ್ತಪರೀಕ್ಷೆ ಬರೆಯುತ್ತಾರೆ. ರೋಗ ಪತ್ತೆ ಮಾಡುವುದು, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವುದು ವೈದ್ಯರ ಕೆಲಸವಾಗಿಯೇ ಉಳಿಯುತ್ತದೆ.

ಪ್ರಮಾಣ ಏರಿಸುವುದು

ಹೃದಯದ ಪಂಪ್ ಮಾಡುವ ಶಕ್ತಿ ಕುಂದಿದ ಹೃದಯ ವೈಫಲ್ಯಕ್ಕೆ ಈಗ ನಾಲ್ಕು ವರ್ಗದ ಔಷಧಗಳು ಆಧಾರ. ಬಿಸೊಪ್ರೊಲಾಲ್‌ನಂಥ, ನಾಡಿ ನಿಧಾನಗೊಳಿಸುವ ಬೀಟಾ ಬ್ಲಾಕರ್ ಒಂದು. ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಎಸಿಇ ತಡೆ ಮಾತ್ರೆ, ಇಲ್ಲವೇ ಅದರ ಬದಲಿಗೆ ಸಕುಬಿಟ್ರಿಲ್-ವಲ್ಸಾರ್ಟನ್ ಎರಡನೆಯದು. ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್ ಮೂರನೆಯದು. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ನಾಲ್ಕನೆಯದು. ಕೊನೆಯದಕ್ಕೆ ಮೆಟ್ಟಿಲಿಲ್ಲ, ದಿನಕ್ಕೊಂದು 10 ಮಿ.ಗ್ರಾಂ., ಮುಗಿಯಿತು. ಮೊದಲ ಎರಡಕ್ಕೆ ತಾಳ್ಮೆ ಬೇಕು. ಮೂರನೆಯದಕ್ಕೆ ಎಚ್ಚರ ಬೇಕು.

ಫಾರ್ಮಸಿಸ್ಟ್ ನಡೆಸುವ ಕ್ಲಿನಿಕ್‌ನಲ್ಲಿ ಪ್ರತಿ ಭೇಟಿಯೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತದೆ: ಕೂತಾಗ ಮತ್ತು ನಿಂತಾಗ ಬಿಪಿ, ನಾಡಿ, ತೂಕ, ಊತ, ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತಾರೆ ಎಂಬ ಪ್ರಶ್ನೆ, ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್. ಕಷ್ಟವಿರುವುದು ಅಂಕಿಗಳನ್ನು ಬರೆದುಕೊಳ್ಳುವುದರಲ್ಲಲ್ಲ, ಅವನ್ನು ನೋಡಿ ಹೆದರದೆ ಸರಿಯಾದ ತೀರ್ಮಾನ ಮಾಡುವುದರಲ್ಲಿ.

ಮೇಲಿನ ಬಿಪಿ 100 ಇದೆ ಎಂದಿಟ್ಟುಕೊಳ್ಳಿ. ಬಹಳ ಕಡೆ ಅಷ್ಟಕ್ಕೇ ಮಾತ್ರೆ ಕಡಿಮೆಯಾಗುತ್ತದೆ. ಅನುಭವಿ ಫಾರ್ಮಸಿಸ್ಟ್ ಮೊದಲು ಕೇಳುವುದು, ಎದ್ದು ನಿಂತಾಗ ತಲೆ ತಿರುಗುತ್ತದೆಯೇ, ಕಣ್ಣು ಕತ್ತಲೆ ಬರುತ್ತದೆಯೇ ಎಂದು. ಇಲ್ಲವೆಂದರೆ ಆ ಅಂಕಿ ಒಂದೇ ಪ್ರಮಾಣ ಇಳಿಸಲು ಕಾರಣವಾಗುವುದಿಲ್ಲ. ತಲೆ ತಿರುಗುತ್ತದೆ ಎಂದರೂ ಕತ್ತರಿ ಬೀಳಬೇಕಾದದ್ದು ಈ ನಾಲ್ಕು ಔಷಧಗಳ ಮೇಲಲ್ಲ. ಹಿಂದೆಂದೋ ಬಿಪಿಗೆ ಬರೆದ ಆಮ್ಲೊಡಿಪಿನ್ ಇನ್ನೂ ನಡೆಯುತ್ತಿದೆಯೇ, ಪ್ರಾಸ್ಟೇಟ್ ತೊಂದರೆಗೆ ಆಲ್ಫಾ ಬ್ಲಾಕರ್ ಇದೆಯೇ, ಊತ ಇಳಿದ ಮೇಲೂ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಹಳೆಯ ಪ್ರಮಾಣದಲ್ಲೇ ಇದೆಯೇ ಎಂದು ನೋಡಬೇಕು. ಆಯುಷ್ಯ ಹೆಚ್ಚಿಸುವ ಔಷಧಕ್ಕೆ ಜಾಗ ಮಾಡಿಕೊಡಲು, ಹೆಚ್ಚಿಸದ ಔಷಧವನ್ನು ತೆಗೆಯಬೇಕು. ಒಂದೇ ಹೊತ್ತಿಗೆ ನುಂಗುತ್ತಿದ್ದ ಮಾತ್ರೆಗಳನ್ನು ಬೆಳಿಗ್ಗೆ, ರಾತ್ರಿ ಎಂದು ಹಂಚಿದರೂ ಎಷ್ಟೋ ಸಲ ಸರಿಹೋಗುತ್ತದೆ.

ಕ್ರಿಯಾಟಿನಿನ್ ವಿಷಯವೂ ಹಾಗೆಯೇ. ಎಸಿಇ ತಡೆ ಮಾತ್ರೆ ಶುರುವಾದ ಮೇಲೆ ಅದು ಸ್ವಲ್ಪ ಏರುವುದು ನಿರೀಕ್ಷಿತ. ಮೊದಲಿದ್ದುದಕ್ಕಿಂತ ಶೇ. 50ರವರೆಗೆ ಅಥವಾ 3 ಮಿ.ಗ್ರಾಂ./ಡೆ.ಲೀ.ವರೆಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿವರೆಗಿನ ಏರಿಕೆಯನ್ನು ಯುರೋಪಿನ ಮಾರ್ಗಸೂಚಿ ಒಪ್ಪುತ್ತದೆ. 1.0 ಇದ್ದದ್ದು 1.3 ಆಯಿತೆಂದು ಮಾತ್ರೆ ನಿಲ್ಲಿಸಿಬಿಟ್ಟರೆ ರೋಗಿಗೆ ನಷ್ಟವೇ. ಅದರ ಬದಲು ನೋವಿನ ಮಾತ್ರೆ ನುಂಗಿದ್ದಾರೆಯೇ, ವಾಂತಿ ಭೇದಿಯಾಗಿ ನೀರು ಕಡಿಮೆಯಾಗಿದೆಯೇ ಎಂದು ವಿಚಾರಿಸಿ, ಒಂದೆರಡು ವಾರದಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕು.

ಎಸಿಇ ತಡೆ ಮಾತ್ರೆಯಿಂದ ಸಕುಬಿಟ್ರಿಲ್-ವಲ್ಸಾರ್ಟನ್‌ಗೆ ಬದಲಿಸುವಾಗ ನಡುವೆ 36 ಗಂಟೆ ಖಾಲಿ ಬಿಡಲೇಬೇಕು. ಎರಡೂ ದೇಹದಲ್ಲಿ ಒಟ್ಟಿಗಿದ್ದರೆ ಬ್ರಾಡಿಕೈನಿನ್ ಎಂಬ ವಸ್ತು ಸಂಗ್ರಹವಾಗಿ ತುಟಿ, ನಾಲಿಗೆ, ಗಂಟಲು ಊದಿಕೊಳ್ಳಬಹುದು, ಉಸಿರುದಾರಿಯೇ ಮುಚ್ಚಬಹುದು. ಚೀಟಿಯಲ್ಲಿ ‘ರಾಮಿಪ್ರಿಲ್ ನಿಲ್ಲಿಸಿ’ ಎಂದು ಬರೆದರೆ ಸಾಲದು. ಮನೆಯಲ್ಲಿ ಉಳಿದಿರುವ ಮಾತ್ರೆಯ ಹಾಳೆಯನ್ನು ತರಿಸಿಕೊಂಡು ಪಕ್ಕಕ್ಕಿಟ್ಟು, ‘ಕೊನೆಯ ರಾಮಿಪ್ರಿಲ್ ಸೋಮವಾರ ಬೆಳಿಗ್ಗೆ, ಹೊಸ ಮಾತ್ರೆಯ ಮೊದಲ ಗುಳಿಗೆ ಮಂಗಳವಾರ ರಾತ್ರಿ’ ಎಂದು ವಾರ, ಹೊತ್ತು ಹೆಸರಿಸಿ ಬರೆದುಕೊಡುವುದು ಈ ಕೆಲಸದ ರೀತಿ.

ಪೊಟ್ಯಾಸಿಯಂ ವಿಷಯದಲ್ಲಿ ಇತಿಹಾಸವೇ ಒಂದು ಪಾಠ ಬಿಟ್ಟುಹೋಗಿದೆ. 1999ರಲ್ಲಿ ರೇಲ್ಸ್ ಎಂಬ ಅಧ್ಯಯನ, ತೀವ್ರ ಹೃದಯ ವೈಫಲ್ಯದಲ್ಲಿ ಸ್ಪೈರೊನೊಲ್ಯಾಕ್ಟೋನ್ ಸಾವು ತಗ್ಗಿಸುತ್ತದೆ ಎಂದು ತೋರಿಸಿತು. ವೈದ್ಯರು ಉತ್ಸಾಹದಿಂದ ಬರೆಯತೊಡಗಿದರು, ಆದರೆ ಈ ಮಾತ್ರೆ ಪೊಟ್ಯಾಸಿಯಂ ಏರಿಸಬಲ್ಲದಾದರೂ ರಕ್ತಪರೀಕ್ಷೆಯ ಉಸ್ತುವಾರಿ ಅದೇ ವೇಗದಲ್ಲಿ ಬೆಳೆಯಲಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಎಸಿಇ ತಡೆ ಮಾತ್ರೆಯಲ್ಲಿದ್ದ ಹೃದಯ ವೈಫಲ್ಯದ ಹಿರಿಯರು ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವ ಪ್ರಮಾಣ 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ರ ಹೊತ್ತಿಗೆ 11 ಆಯಿತು. ಔಷಧ ಅದೇ, ಅಧ್ಯಯನದಲ್ಲಿದ್ದ ಎಚ್ಚರ ಮಾತ್ರ ಹೊರಗಿನ ಜಗತ್ತಿಗೆ ಬಂದಿರಲಿಲ್ಲ. ಈಗಿನ ಕ್ರಮದಂತೆ ಶುರು ಮಾಡಿದ ಒಂದನೆಯ ವಾರ, ನಾಲ್ಕನೆಯ ವಾರ, ಆಮೇಲೆ ಎಂಟು ಹನ್ನೆರಡನೆಯ ವಾರ ಪರೀಕ್ಷೆ ಆಗಬೇಕು. 5.5 ದಾಟಿದರೆ ಪ್ರಮಾಣ ಅರ್ಧ, 6.0 ದಾಟಿದರೆ ನಿಲ್ಲಿಸಿ ತಕ್ಷಣ ವೈದ್ಯರಿಗೆ. ಈ ದಿನಾಂಕಗಳನ್ನು ಹಿಡಿದು ಕೂರುವ, ಪರೀಕ್ಷೆಗೆ ಬಾರದವರಿಗೆ ಫೋನ್ ಮಾಡುವ ಒಬ್ಬರಿದ್ದರೆ ಈ ಔಷಧ ಸುರಕ್ಷಿತ. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವ ಎಷ್ಟೋ ಪುಡಿಗಳಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ಹೃದಯಕ್ಕೆ ಒಳ್ಳೆಯದೆಂದು ಅದನ್ನೇ ಬಳಸುವ ರೋಗಿ ತಾನಾಗಿ ಹೇಳುವುದಿಲ್ಲ, ಕೇಳಬೇಕು.

ಈ ಏರಿಕೆ ಎಷ್ಟು ಬೇಗ ಆಗಬೇಕು? 2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ ಡಿಸ್ಚಾರ್ಜ್‌ಗೆ ಮುಂಚೆ ಗುರಿಯ ಅರ್ಧದಷ್ಟು, ಎರಡು ವಾರದೊಳಗೆ ಪೂರ್ತಿ ಪ್ರಮಾಣ ಕೊಟ್ಟು, ಒಂದು, ಎರಡು, ಮೂರು, ಆರನೆಯ ವಾರಗಳಲ್ಲಿ ರೋಗಿಯನ್ನು ನೋಡಿದರು. 180 ದಿನಗಳಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕೆ ಮರುದಾಖಲು ಆದವರು ಈ ಗುಂಪಿನಲ್ಲಿ ಶೇ. 15.2, ಎಂದಿನ ಚಿಕಿತ್ಸೆಯಲ್ಲಿ ಶೇ. 23.3. ಬಿಪಿ 95ಕ್ಕಿಂತ, ನಾಡಿ 55ಕ್ಕಿಂತ ಕಡಿಮೆಯಿದ್ದರೆ ಅಥವಾ ಪೊಟ್ಯಾಸಿಯಂ 5.0 ಮೀರಿದ್ದರೆ ಏರಿಸಬಾರದು ಎಂಬ ಕಟ್ಟುನಿಟ್ಟು ಅಲ್ಲಿತ್ತು. ಆರು ವಾರದಲ್ಲಿ ನಾಲ್ಕು ಭೇಟಿ! ಹೃದ್ರೋಗ ತಜ್ಞರೊಬ್ಬರೇ ಎಲ್ಲ ರೋಗಿಗಳಿಗೂ ಇಷ್ಟು ಸಮಯ ಕೊಡುವುದು ಆಗದ ಮಾತು. ತಂಡ ಬೇಕು.

ಕಾಗದದ ಮೇಲೆ ಸರಿ ಕಾಣುವ ಕಿಡ್ನಿ

ಹೃದ್ರೋಗದ ಔಷಧಗಳಲ್ಲಿ ಬಹಳಷ್ಟು ಕಿಡ್ನಿಯ ಮೂಲಕ ಹೊರಹೋಗುತ್ತವೆ. ಇಲ್ಲಿ ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ರೋಗಿ 82 ವರ್ಷದ ಅಜ್ಜಿ, ತೂಕ 45 ಕೆ.ಜಿ., ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದೆ. ಕ್ರಿಯಾಟಿನಿನ್ 1.1. ಪ್ರಯೋಗಾಲಯದ ವರದಿಯಲ್ಲಿ ಈ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತದೆ ಎಂದು ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ: 140ರಿಂದ ವಯಸ್ಸು ಕಳೆದರೆ 58. ಅದನ್ನು ತೂಕ 45ರಿಂದ ಗುಣಿಸಿದರೆ 2610. 72ನ್ನು 1.1ರಿಂದ ಗುಣಿಸಿದ 79.2ರಿಂದ ಭಾಗಿಸಿದರೆ ಸುಮಾರು 33. ಹೆಂಗಸಾದ್ದರಿಂದ 0.85ರಿಂದ ಗುಣಿಸಬೇಕು. ಉತ್ತರ ನಿಮಿಷಕ್ಕೆ 28 ಮಿ.ಲೀ.

ಈ 28 ಎಲ್ಲವನ್ನೂ ಬದಲಿಸುತ್ತದೆ. ಈ ಲಯ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಲ್ಲಿ ದಬಿಗಟ್ರಾನ್ ಕೊಡುವಂತಿಲ್ಲ ಎನ್ನುತ್ತದೆ ಯುರೋಪಿನ ನಿಯಮ. ರಿವರೊಕ್ಸಬಾನ್ ಆದರೆ 20ರ ಬದಲು 15 ಮಿ.ಗ್ರಾಂ., ಅದೂ ಊಟದ ಜೊತೆ, ಖಾಲಿ ಹೊಟ್ಟೆಯಲ್ಲಿ ದೇಹ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಅಪಿಕ್ಸಬಾನ್‌ಗೆ ಲೆಕ್ಕವೇ ಬೇರೆ: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕೆ.ಜಿ. ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ 5ರ ಬದಲು 2.5 ಮಿ.ಗ್ರಾಂ., ದಿನಕ್ಕೆರಡು ಸಲ. ಈ ಅಜ್ಜಿಗೆ ಎರಡಿವೆ. ನಾಡಿ ತಗ್ಗಿಸುವ ಡಿಗಾಕ್ಸಿನ್ ಬೇಕೆಂದರೆ ತೀರಾ ಕಡಿಮೆ ಪ್ರಮಾಣದಲ್ಲಿ, ರಕ್ತದ ಮಟ್ಟ ಪ್ರತಿ ಮಿ.ಲೀ.ಗೆ 0.5ರಿಂದ 0.9 ನ್ಯಾನೊಗ್ರಾಂ ಒಳಗೆ ಇರುವಂತೆ, ಮಾತ್ರೆ ನುಂಗಿ ಕನಿಷ್ಠ ಆರು ಗಂಟೆಯಾದ ಮೇಲೆ ತೆಗೆದ ರಕ್ತದಲ್ಲಿ ನೋಡಿ. ಬೇಗ ತೆಗೆದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ.

ತಪ್ಪು ಎರಡೂ ಕಡೆಗೆ ಆಗುತ್ತದೆ. ವಯಸ್ಸಾದವರು ಎಂಬ ಒಂದೇ ಕಾರಣಕ್ಕೆ, ಮೂರರಲ್ಲಿ ಒಂದೇ ಲಕ್ಷಣವಿದ್ದರೂ ಅಪಿಕ್ಸಬಾನ್ 2.5 ಬರೆಯುವುದು ಬಹಳ ಸಾಮಾನ್ಯ. ಆಗ ಸಿಗಬೇಕಾದ ಪೂರ್ತಿ ರಕ್ಷಣೆಯಿಲ್ಲದೆ ಪಾರ್ಶ್ವವಾಯುವಿನ ಅಪಾಯ ಉಳಿಯುತ್ತದೆ. ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದಾಗಿದ್ದ ಪಾರ್ಶ್ವವಾಯುವನ್ನು ಯಾರೂ ಮಾತ್ರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿಯೇ ಕೈ ಕಡಿಮೆಯ ಕಡೆಗೆ ವಾಲುತ್ತದೆ.

ಆಸ್ಪತ್ರೆಯಿಂದ ಮನೆಗೆ

ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದವು. ಆಸ್ಪತ್ರೆಯ ಪಟ್ಟಿ ಒಂದು, ಮನೆಯ ಡಬ್ಬಿಯಲ್ಲಿರುವುದು ಇನ್ನೊಂದು. ಇವೆರಡನ್ನೂ ಎದುರುಬದುರು ಇಟ್ಟು ತಾಳೆ ನೋಡುವುದು ಫಾರ್ಮಸಿಸ್ಟ್‌ನ ಮೊದಲ ಕೆಲಸ. ಪಟ್ಟಿ ಕೇಳಿದರೆ ಪ್ರಯೋಜನವಿಲ್ಲ, ಮಾತ್ರೆಗಳ ಚೀಲವನ್ನೇ ತರಲು ಹೇಳಬೇಕು. ಒಂದೇ ಮೆಟೊಪ್ರೊಲಾಲ್ ಎರಡು ಕಂಪನಿಯ ಹೆಸರಿನಲ್ಲಿ ಎರಡು ಹಾಳೆಯಾಗಿ ಬರುತ್ತದೆ, ರೋಗಿ ಎರಡನ್ನೂ ನುಂಗುತ್ತಾರೆ, ನಾಡಿ 40ಕ್ಕಿಳಿಯುತ್ತದೆ. ಆಸ್ಪತ್ರೆಯಲ್ಲಿ ನಿಲ್ಲಿಸಿದ್ದ ಮಾತ್ರೆ ಮನೆಯಲ್ಲಿ ಮತ್ತೆ ಶುರುವಾಗುತ್ತದೆ. ಡಪಾಗ್ಲಿಫ್ಲೋಜಿನ್ ಕೊಟ್ಟಿದ್ದರೆ ‘ಇದು ಸಕ್ಕರೆ ಕಾಯಿಲೆಯ ಮಾತ್ರೆ, ನನಗೆ ಸಕ್ಕರೆ ಇಲ್ಲವಲ್ಲ’ ಎಂದು ರೋಗಿಯೇ ಬಿಟ್ಟುಬಿಡುತ್ತಾರೆ, ಅಥವಾ ಯಾರೋ ಬಿಡಿಸುತ್ತಾರೆ. ಹೃದಯಕ್ಕೆಂದೇ ಕೊಟ್ಟದ್ದು ಎಂದು ಮೊದಲ ದಿನವೇ ಹೇಳಬೇಕು. ಜ್ವರ, ವಾಂತಿಯಲ್ಲಿ ಊಟ ಸೇರದಿದ್ದಾಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ದೊಡ್ಡ ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ಬಿಡಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಬೇಕು.

ನೋವಿನ ಮಾತ್ರೆಯಷ್ಟು ಹಾನಿ ಮಾಡುವ ಸಾಮಾನ್ಯ ವಸ್ತು ಹೃದಯ ವೈಫಲ್ಯದಲ್ಲಿ ಇನ್ನೊಂದಿಲ್ಲ ಎನ್ನಬಹುದು. ಡೈಕ್ಲೊಫಿನಾಕ್, ಐಬುಪ್ರೊಫೆನ್ ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ, ಕಿಡ್ನಿಗೆ ಹೋಗುವ ರಕ್ತ ತಗ್ಗಿಸುತ್ತವೆ. ಎಸಿಇ ತಡೆ ಮಾತ್ರೆ, ನೀರಿನ ಮಾತ್ರೆ, ಇದರ ಮೇಲೆ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಚೀಟಿಯಿಲ್ಲದೆ ಸಿಗುವುದರಿಂದ ರೋಗಿಗಳು ಇದನ್ನು ಔಷಧವೆಂದೇ ಎಣಿಸುವುದಿಲ್ಲ. ‘ಬೇರೆ ಏನು ಮಾತ್ರೆ ತಗೊಳ್ತೀರಿ’ ಎಂದರೆ ಇಲ್ಲ ಎನ್ನುತ್ತಾರೆ. ‘ಮಂಡಿ ನೋವಿಗೆ, ತಲೆ ನೋವಿಗೆ ಏನು ಮಾಡ್ತೀರಿ’ ಎಂದು ಕೇಳಿದಾಗ ಹೊರಬರುತ್ತದೆ. ನೀರಿನಲ್ಲಿ ಹಾಕಿದರೆ ನೊರೆಯೇಳುವ ಪ್ಯಾರಾಸಿಟಮಾಲ್ ಮಾತ್ರೆಗಳಲ್ಲೂ ಒಂದೊಂದರಲ್ಲಿ ಸುಮಾರು 400 ಮಿ.ಗ್ರಾಂ. ಸೋಡಿಯಂ ಇರಬಹುದು. ಸಾದಾ ಮಾತ್ರೆಗೆ ಬದಲಿಸಿದರೆ ಸಾಕು.

ನೀರಿನ ಮಾತ್ರೆಯನ್ನು ಪ್ರಯಾಣದ ದಿನ ಬಿಡುವವರು ಬಹಳ. ಬಿಡಬೇಡಿ ಎಂದು ಗದರುವ ಬದಲು, ಆ ದಿನ ಮನೆಗೆ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಿ ಎಂದರೆ ಕೆಲಸವಾಗುತ್ತದೆ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಏದುಸಿರು ಬರುವವರೆಗೆ ಕಾಯದೆ ಫೋನ್ ಮಾಡಬೇಕು.

ರಕ್ತ ತೆಳು ಮಾಡುವ ಔಷಧಗಳು

ಇಲ್ಲಿ ಫಾರ್ಮಸಿಸ್ಟ್‌ಗಳ ಪಾತ್ರ ಹಳೆಯದು. ವಾರ್ಫರಿನ್ ಕ್ಲಿನಿಕ್‌ಗಳನ್ನು ಅವರೇ ನಡೆಸುವ ಪದ್ಧತಿ ಹಲವು ದೇಶಗಳಲ್ಲಿ ದಶಕಗಳಿಂದ ಇದೆ. ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಎಂಬ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು; ಹೆಚ್ಚಾದರೆ ರಕ್ತಸ್ರಾವದ ಅಪಾಯ. ಹೃದಯದ ಲಯ ಸರಿಪಡಿಸುವ ಅಮಿಯೊಡರೋನ್ ಸೇರಿಸಿದಾಗ ವಾರ್ಫರಿನ್ ಪ್ರಮಾಣ ಮೂರನೇ ಒಂದರಿಂದ ಅರ್ಧದಷ್ಟು ಇಳಿಸಬೇಕಾಗುತ್ತದೆ. ಆದರೆ ಈ ಪರಿಣಾಮ ಒಂದೇ ದಿನಕ್ಕೆ ಬರುವುದಿಲ್ಲ, ವಾರಗಟ್ಟಲೆ ನಿಧಾನವಾಗಿ ಏರುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ವಾರ ಐಎನ್‌ಆರ್ ಸರಿ ಇದೆಯೆಂದು ಸುಮ್ಮನಾದವರು ಐದನೆಯ ವಾರ ರಕ್ತಸ್ರಾವ ನೋಡಬೇಕಾಗುತ್ತದೆ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಕೂಡ ಐಎನ್‌ಆರ್ ಏರಿಸುತ್ತವೆ, ಅವು ಬೇಗ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಲೋಹದ ಕೃತಕ ಕವಾಟವಿದ್ದವರಿಗೆ ದಬಿಗಟ್ರಾನ್, ಅಪಿಕ್ಸಬಾನ್‌ನಂಥ ಹೊಸ ಬಗೆಯ ಮಾತ್ರೆಗಳು ಸಲ್ಲವು, ವಾರ್ಫರಿನ್ನೇ ಗತಿ. ದಬಿಗಟ್ರಾನ್ ಪ್ರಯತ್ನಿಸಿದ ರೀ-ಅಲೈನ್ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಸಮಸ್ಯೆ ದಿನಾಂಕದ್ದು. ಹೃದಯಾಘಾತದ ನಂತರ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಸಾಮಾನ್ಯವಾಗಿ 12 ತಿಂಗಳು. ಅವಧಿಗೆ ಮುಂಚೆ ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಅವಧಿ ಮುಗಿದ ಮೇಲೂ ಯಾರೂ ನಿಲ್ಲಿಸದಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವ. ಏಟ್ರಿಯಲ್ ಫಿಬ್ರಿಲೇಶನ್ ಕೂಡ ಇದ್ದು, ಈ ಎರಡರ ಜೊತೆ ಅಪಿಕ್ಸಬಾನ್‌ನಂಥದ್ದೂ ಸೇರಿ ಮೂರು ಔಷಧ ಒಟ್ಟಿಗೆ ನಡೆಯುತ್ತಿದ್ದರೆ, ಆಸ್ಪಿರಿನ್ನನ್ನು ಬಹುತೇಕರಲ್ಲಿ ಒಂದು ವಾರದಿಂದ ಒಂದು ತಿಂಗಳೊಳಗೆ ತೆಗೆಯಬೇಕು. ಪ್ರತಿ ಮಾತ್ರೆಯ ಎದುರು ಅದು ಮುಗಿಯುವ ತಾರೀಕು ಬರೆಸುವುದು, ಆ ತಾರೀಕು ಬಂದಾಗ ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಅದು ನಡೆಯದೆ ಹೋದಾಗ ಬೆಲೆ ತೆರುವವರು ರೋಗಿಗಳು. ಕ್ಲೊಪಿಡೊಗ್ರೆಲ್ ಜೊತೆ ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್ ಇದ್ದರೆ, ಅದು ಕ್ಲೊಪಿಡೊಗ್ರೆಲ್‌ನ ಪರಿಣಾಮ ತಗ್ಗಿಸುವುದರಿಂದ, ಪ್ಯಾಂಟೊಪ್ರಜೋಲ್‌ಗೆ ಬದಲಿಸಬೇಕು. ಟಿಕಾಗ್ರೆಲರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ, ಅದು ಹೃದಯದ್ದೋ ಮಾತ್ರೆಯದ್ದೋ ಎಂದು ವೈದ್ಯರೇ ತೀರ್ಮಾನಿಸಬೇಕು, ರೋಗಿ ತಾನಾಗಿ ಬಿಡಕೂಡದು.

ಯಾವಾಗ ಫಲ, ಯಾವಾಗ ಇಲ್ಲ

ಫಾರ್ಮಸಿಸ್ಟ್ ಸೇರಿದರೆ ಸಾಕು, ಎಲ್ಲ ಸುಧಾರಿಸುತ್ತದೆ ಎಂದು ಪುರಾವೆ ಹೇಳುವುದಿಲ್ಲ. ಹೇಗೆ ಸೇರಿಸಿಕೊಂಡರು ಎಂಬುದರ ಮೇಲೆ ಫಲ ನಿಂತಿದೆ. 1999ರ ಫಾರ್ಮ್ ಅಧ್ಯಯನದಲ್ಲಿ 181 ಹೃದಯ ವೈಫಲ್ಯದ ರೋಗಿಗಳಿದ್ದರು. ಕ್ಲಿನಿಕ್‌ನಲ್ಲೇ ಫಾರ್ಮಸಿಸ್ಟ್ ರೋಗಿಯನ್ನು ನೋಡಿ, ಅಲ್ಲೇ ಇದ್ದ ವೈದ್ಯರಿಗೆ ಸಲಹೆ ಕೊಟ್ಟು, ಆಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದರು. ಸಾವು ಅಥವಾ ಹೃದಯ ವೈಫಲ್ಯದ ಘಟನೆಗಳು ಆ ಗುಂಪಿನಲ್ಲಿ 4, ಇನ್ನೊಂದರಲ್ಲಿ 16. ಚಿಕ್ಕ ಅಧ್ಯಯನ, ಆದರೆ ಎಸಿಇ ತಡೆ ಮಾತ್ರೆಯ ಪ್ರಮಾಣ ಗುರಿಗೆ ಹತ್ತಿರವಾದದ್ದೂ ಅದರಲ್ಲಿ ಕಂಡಿತು.

ಗ್ಲ್ಯಾಸ್ಗೊದ 174 ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ 2,164 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಫಲ ಬೇರೆ. ಔಷಧ ಬರೆಯುವುದರಲ್ಲಿ ಸ್ವಲ್ಪ ಸುಧಾರಣೆಯಾಯಿತು, ಸಾವು, ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ. ಅಲ್ಲಿದ್ದವರು ಹೃದ್ರೋಗದ ವಿಶೇಷ ತರಬೇತಿಯಿಲ್ಲದ ಫಾರ್ಮಸಿಸ್ಟ್‌ಗಳು, ಭೇಟಿಗಳು ಕೆಲವೇ, ರೋಗಿಗಳಲ್ಲಿ ಬಹುಪಾಲು ಜನ ಮೊದಲೇ ಮುಖ್ಯ ಔಷಧದಲ್ಲಿದ್ದರು. ಬಗ್ಗಿ ನೋಡಿ ಸಲಹೆ ಕೊಟ್ಟು ಹೋದರೆ ಸಾಲದು ಎಂದೇ ಇದನ್ನು ಓದಬೇಕು. 2007ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಫಾರ್ಮಸಿಸ್ಟ್ ಜೊತೆಗಿದ್ದ ಒಂಬತ್ತು ತಿಂಗಳು ಮಾತ್ರೆ ತಪ್ಪದೆ ತೆಗೆದುಕೊಳ್ಳುವುದು ಎಂದಿನ ಚಿಕಿತ್ಸೆಯ ಗುಂಪಿನ ಶೇ. 67.9ಕ್ಕೆ ಎದುರಾಗಿ ಶೇ. 78.8 ಇತ್ತು. ಸೇವೆ ನಿಲ್ಲಿಸಿದ ಮೂರು ತಿಂಗಳಲ್ಲಿ ಅದು 70.6ಕ್ಕೆ ಇಳಿದು, ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು.

ಅಧಿಕಾರ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ರಕ್ತದೊತ್ತಡದ ಅಧ್ಯಯನವೊಂದು ತೋರಿಸುತ್ತದೆ. ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ 319 ಕಪ್ಪು ವರ್ಣೀಯ ಗಂಡಸರನ್ನು ಸೇರಿಸಿಕೊಂಡು ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವದು. ಫಾರ್ಮಸಿಸ್ಟ್‌ಗಳು ವೈದ್ಯರೊಂದಿಗಿನ ಒಪ್ಪಂದದಂತೆ ಅಂಗಡಿಯಲ್ಲೇ ಔಷಧ ಬರೆದು ಬಿಪಿ ನೋಡುತ್ತಿದ್ದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ವೈದ್ಯರನ್ನು ಕಾಣಿ, ಜೀವನಕ್ರಮ ತಿದ್ದಿಕೊಳ್ಳಿ ಎಂದು ಕ್ಷೌರಿಕರು ಹೇಳಿ ಕಳಿಸಿದ ಗುಂಪಿನಲ್ಲಿ ಇಳಿದದ್ದು 9.3.

ಹಾಗಾದರೆ ಆಸ್ಪತ್ರೆಯೊಂದು ಈ ಹುದ್ದೆ ಸೃಷ್ಟಿಸುವಾಗ ಕೊಡಲೇಬೇಕಾದವು ಸ್ಪಷ್ಟ. ರೋಗಿಯ ಪೂರ್ತಿ ದಾಖಲೆ, ರಕ್ತಪರೀಕ್ಷೆಯ ಫಲಿತಾಂಶ ಫಾರ್ಮಸಿಸ್ಟ್‌ನ ಕಣ್ಣಿಗೆ ಬೀಳಬೇಕು. ಲಿಖಿತ ಕ್ರಮದೊಳಗೆ ಪ್ರಮಾಣ ಬದಲಿಸುವ, ಪರೀಕ್ಷೆ ಬರೆಯುವ ಅಧಿಕಾರ ಇರಬೇಕು. ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಸುಸ್ತಿನೊಂದಿಗೆ ನಾಡಿ 50ಕ್ಕಿಂತ ಇಳಿಯುವುದು, ಇವು ಕಂಡರೆ ಅದೇ ದಿನ ಹೃದ್ರೋಗ ತಜ್ಞರ ಕೈಗೆ ಒಪ್ಪಿಸುವ ನೇರ ದಾರಿ ಇರಬೇಕು. ಔಷಧ ಮಾರಾಟದ ಲಾಭಕ್ಕೂ ಇವರ ಸಂಬಳಕ್ಕೂ ನಂಟು ಇರಲೇಬಾರದು, ಏಕೆಂದರೆ ಮಾತ್ರೆ ತೆಗೆಯುವುದೂ ಇವರ ಕೆಲಸವೇ. ಗುರಿ ಮುಟ್ಟಿದ ರೋಗಿಯನ್ನು ಪಟ್ಟಿಯಿಂದ ಪೂರ್ತಿ ಕೈಬಿಡದೆ, ಕೆಲವು ತಿಂಗಳಿಗೊಮ್ಮೆಯಾದರೂ ಫೋನು, ರಕ್ತಪರೀಕ್ಷೆ ಮುಂದುವರಿಸಲು ಸಮಯ ಮೀಸಲಿಡಬೇಕು.